ಮನೆಯ ಹಿರಿಯರಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ ಯಾರ ಮನೆಗೆ ಕಂಪ್ಯೂಟರ್ ಬರಬೇಕಾದರೂ ಮೊದಲು ನನಗೊಂದು ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳಾದ್ದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ. ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಹಿರಿಯರ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್‌ಗಿಂತ ಪರದೆ ಮತ್ತು ಕೀಬೋರ್ಡ್ ಮುಖ್ಯ. ಅವೆರಡಕ್ಕಿಂತ ಮುಖ್ಯ, ಏನಾದರೂ ಆದಾಗ ನೋಡಿಕೊಳ್ಳುವವರು ಯಾರು ಎನ್ನುವುದು.

ಅಪ್ಪನ ಹತ್ತಿರ ಒಳ್ಳೆಯ ಫೋನ್ ಇದೆ. ಲ್ಯಾಪ್‌ಟಾಪ್ ಬೇರೆ ಬೇಕೇ?

ಬಹಳ ಸಲ ಬೇಡ. ವಾಟ್ಸಾಪ್, ಯೂಟ್ಯೂಬ್‌ನಲ್ಲಿ ಪ್ರವಚನ, ಮೊಮ್ಮಕ್ಕಳ ಜತೆ ವಿಡಿಯೊ ಕಾಲ್, ಇಷ್ಟೇ ಆದರೆ ಹತ್ತು ಇಂಚಿನ ಟ್ಯಾಬ್ಲೆಟ್ಟು, ಅದಕ್ಕೊಂದು ಸ್ಟ್ಯಾಂಡು ಸಾಕು. ಪಿಂಚಣಿದಾರರು ಕೊಡಬೇಕಾದ ಜೀವನ ಪ್ರಮಾಣ ಪತ್ರ ಕೂಡ ಈಗ ಫೋನ್‌ಗೆ ಮುಖ ತೋರಿಸಿದರೆ ಮುಗಿಯುತ್ತದೆ. ಅದನ್ನೇ ಲ್ಯಾಪ್‌ಟಾಪ್‌ನಲ್ಲಿ ಮಾಡಲು ಹೊರಟರೆ ಬೆರಳಚ್ಚು ಯಂತ್ರ ಬೇರೆ ಕೊಳ್ಳಬೇಕು.

ಲ್ಯಾಪ್‌ಟಾಪ್ ಬೇಕಾಗುವುದು ಬರೆಯುವವರಿಗೆ. ವಂಶವೃಕ್ಷವನ್ನೋ ಊರಿನ ಚರಿತ್ರೆಯನ್ನೋ ಕೈಗೆತ್ತಿಕೊಂಡ ನಿವೃತ್ತ ಮೇಷ್ಟ್ರಿಗೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ತಾವೇ ಹಾಕುವವರಿಗೆ, ಷೇರಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವವರಿಗೆ, ಬೇಡ ಬೇಡ ಎಂದರೂ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಆಗಿಬಿಟ್ಟವರಿಗೆ. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಫೋನಿನ ಅಕ್ಷರ ಸಾಲದೆ ದೊಡ್ಡ ಪರದೆ ಕೇಳುವವರೂ ಇದ್ದಾರೆ. ಕೊಳ್ಳುವ ಮೊದಲು ಅವರನ್ನೇ ಕೇಳಿ: "ಅದರಲ್ಲಿ ಏನು ಮಾಡಬೇಕು ಅಂತಿದ್ದೀರಿ?" ಉತ್ತರದಲ್ಲಿ ಒಂದು ಗಟ್ಟಿ ಕೆಲಸದ ಹೆಸರು ಬಂದರೆ ಮುಂದುವರಿಯಿರಿ. "ಎಲ್ಲರ ಮನೇಲೂ ಇದೆಯಂತಲ್ಲ" ಎಂದರೆ ಸ್ವಲ್ಪ ದಿನ ತಳ್ಳಿ.

ಮೂವತ್ತು ಸಾವಿರಕ್ಕೆ ಹೊಸದೇ ಬರುತ್ತದಲ್ಲ, ಹಳೆಯದು ಯಾಕೆ?

ಆ ಬೆಲೆಯ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಲ್ಲಿ ಉಳಿಸಿರುತ್ತಾರೆ ನೋಡಿ: ಪರದೆಯಲ್ಲಿ, ಹಿಂಜ್‌ನಲ್ಲಿ, ಕೀಬೋರ್ಡ್‌ನಲ್ಲಿ. ಮುಚ್ಚಳ ತೆರೆದರೆ ಇಡೀ ಪರದೆ ಅಲುಗಾಡುತ್ತದೆ. ಪರದೆಯನ್ನು ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಕಂದುತ್ತದೆ. ಹಿರಿಯರಿಗೆ ಬೇಕಾದ್ದೇ ಇವು ಮೂರು.

ದೊಡ್ಡ ಕಂಪನಿಗಳು ತಮ್ಮ ನೌಕರರಿಗೆ ಕೊಡುವ ಲ್ಯಾಪ್‌ಟಾಪ್‌ಗಳ ದರ್ಜೆಯೇ ಬೇರೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಇವೆಲ್ಲ ಆ ಜಾತಿಯವು. ಹೊಸದಿದ್ದಾಗ ಇವುಗಳ ಬೆಲೆ ಲಕ್ಷದ ಹತ್ತಿರ. ಮೂರು ನಾಲ್ಕು ವರ್ಷ ಬಳಸಿ ಕಂಪನಿಗಳು ಇವನ್ನು ರಾಶಿರಾಶಿಯಾಗಿ ಬಿಡುತ್ತವೆ. ಬೆಂಗಳೂರಿನಂಥ ಊರಿನಲ್ಲಿ ಈ ಮಾಲಿಗೆ ಬರವಿಲ್ಲ. ಸ್ಕ್ರೂ ಬಿಚ್ಚಿದರೆ ಬ್ಯಾಟರಿ, ರ್ಯಾಮ್, ಡಿಸ್ಕ್ ಎಲ್ಲ ಬದಲಾಯಿಸಬಹುದು, ಬಿಡಿಭಾಗ ಸಿಗುತ್ತದೆ, ಎಲ್ಲ ರಿಪೇರಿಯವರಿಗೂ ಗೊತ್ತು. ಥಿಂಕ್‌ಪ್ಯಾಡ್ ಟಿ ಸರಣಿಯ ಕೀಬೋರ್ಡ್ ಮೇಲೆ ಚೂರು ಕಾಫಿ ಚೆಲ್ಲಿದರೂ ಇಳಿದುಹೋಗಲು ದಾರಿ ಇದೆ. ಹಾಗಂತ ಪರೀಕ್ಷೆ ಮಾಡಲು ಹೋಗಬೇಡಿ.

ಸೆಕೆಂಡ್ ಹ್ಯಾಂಡ್, ರಿಫರ್ಬಿಷ್ಡ್, ಲೀಸ್ ರಿಟರ್ನ್ ಎಲ್ಲ ಒಂದೇನಾ?

ಸೆಕೆಂಡ್ ಹ್ಯಾಂಡ್ ಎಂದರೆ ಇದ್ದದ್ದು ಇದ್ದ ಹಾಗೆ ಕೈ ಬದಲಾಯಿಸಿದ್ದು. ರಿಫರ್ಬಿಷ್ಡ್ ಎಂದರೆ ಯಾರೋ ಬಿಚ್ಚಿ, ಒರೆಸಿ, ಕೆಟ್ಟದ್ದು ಬದಲಿಸಿ, ಪರೀಕ್ಷಿಸಿ ಮಾರುವುದು. ಲೀಸ್ ರಿಟರ್ನ್ ಎಂದರೆ ಕಂಪನಿ ಬಾಡಿಗೆಗೆ ಪಡೆದು ಹಿಂತಿರುಗಿಸಿದ್ದು. ಕೊಳ್ಳಲು ಇದೇ ವಾಸಿ, ಒಬ್ಬರೇ ಬಳಸಿರುತ್ತಾರೆ, ಕಂಪನಿಯ ಐಟಿ ವಿಭಾಗ ನೋಡಿಕೊಂಡಿರುತ್ತದೆ. "ಎ ಗ್ರೇಡ್", "ಎ ಪ್ಲಸ್" ಎಂಬುದನ್ನೆಲ್ಲ ಅಂಗಡಿಯವರು ತಮ್ಮ ಅಳತೆಯಲ್ಲಿ ಕೊಡುತ್ತಾರೆ. ಅದಕ್ಕೆ ಸರ್ವಮಾನ್ಯವಾದ ನಿಯಮ ಇಲ್ಲ.

ಎಷ್ಟು ಹಳೆಯದಾದರೆ ನಡೆಯುತ್ತದೆ?

ಇಲ್ಲಿ ಮಾತ್ರ ನಾನು ಪಟ್ಟು ಹಿಡಿಯುತ್ತೇನೆ. ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್ ಪ್ರೊಸೆಸರ್‌ಗಳಲ್ಲಿ 8ನೇ ಜನರೇಷನ್‌ನಿಂದ (ಪೀಳಿಗೆಯಿಂದ) ಮೇಲಿನದನ್ನು, ಎಎಮ್‌ಡಿ ಲ್ಯಾಪ್‌ಟಾಪ್ ಆದರೆ ರೈಜನ್ 3000 ಸರಣಿಯಿಂದ ಮೇಲಿನದನ್ನು. ಜತೆಗೆ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಇರಬೇಕು. ಆದ್ದರಿಂದ 8ನೇ ಜನರೇಷನ್‌ಗಿಂತ ಕೆಳಗಿನದು ಬೇಡವೇ ಬೇಡ.

ಜನರೇಷನ್ ತಿಳಿಯುವುದು ಸುಲಭ, ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೆರೆ ಆದಮೇಲೆ ಬರುವ ಅಂಕಿ ನೋಡಿ. ಐ5-6300ಯು ಎಂದಿದ್ದರೆ 6ನೆಯದು, ಐ5-8350ಯು ಎಂದಿದ್ದರೆ 8ನೆಯದು, ಐ5-10310ಯು ಎಂದಿದ್ದರೆ 10ನೆಯದು. ಐ5-1135ಜಿ7 ನೋಡಿ ಒಂದನೆಯದು ಎಂದುಕೊಳ್ಳಬೇಡಿ, ಅದು 11ನೆಯದು. ಅಂಗಡಿಯಲ್ಲಿ "ಸರ್, ಐ7 ಇದೆ, ಐ5 ಯಾಕೆ?" ಎನ್ನುತ್ತಾರೆ. ತೆಗೆದು ನೋಡಿದರೆ 6ನೇ ಜನರೇಷನ್ ಐ7. ಅದಕ್ಕಿಂತ 8ನೇ ಜನರೇಷನ್ ಐ5 ಮೇಲು. ಇದು ಬರೀ ವಿಂಡೋಸ್ ಲೆಕ್ಕವಲ್ಲ. ಐ5-7200ಯು ಒಳಗೆ ಎರಡು ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೆ ಮುಂದಿನ ವರ್ಷದ ಐ5-8250ಯು ಒಳಗೆ ನಾಲ್ಕು ಬಂದವು. ಒಂದೇ ಸಲಕ್ಕೆ ಅಷ್ಟು ದೊಡ್ಡ ನೆಗೆತ.

ಹಳೆಯ ಯಂತ್ರಕ್ಕೆ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವವರೂ ಇದ್ದಾರೆ. ಇವತ್ತು ಓಡುತ್ತದೆ, ಮುಂದಿನ ದೊಡ್ಡ ಅಪ್‌ಡೇಟ್ ಬಂದಾಗ ತಕರಾರು ಶುರು. ಆದ್ದರಿಂದ "ವಿಂಡೋಸ್ 11 ಇದೆ" ಎಂಬ ಮಾತಿಗಿಂತ, ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋಗಿ ಪ್ರೊಸೆಸರ್ ಹೆಸರನ್ನು ಕಣ್ಣಾರೆ ಓದಿ.

ಹೆಸರು ಹಿಡಿದು ಹೇಳಿ, ಯಾವ ಮಾಡೆಲ್?

2018ರ ನಾಲ್ಕು: ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 5490, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5. ನಾಲ್ಕರಲ್ಲೂ ಎರಡೆರಡು ರ್ಯಾಮ್ ಸ್ಲಾಟ್ ಇವೆ. ಸ್ವಲ್ಪ ಹೆಚ್ಚು ಕೊಡುವ ಹಾಗಿದ್ದರೆ 2019ರ ಟಿ490, ಲ್ಯಾಟಿಟ್ಯೂಡ್ 5400, ಎಲೈಟ್‌ಬುಕ್ 840 ಜಿ6, ಅಥವಾ ಅದರ ಮುಂದಿನವು. ಟಿ480ಯಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಒಂದು ಹೊರಗಿನಿಂದ ಕಳಚುವಂಥದ್ದು. ಕರೆಂಟ್ ಕೈಕೊಡುವ ಊರಿಗೆ ನಾನು ಅದನ್ನೇ ಹೇಳುತ್ತೇನೆ.

ಎರಡು ಎಚ್ಚರ. 2018ರ ಈ ಮಾಡೆಲ್‌ಗಳಲ್ಲೇ ಕೆಲವದರಲ್ಲಿ 7ನೇ ಜನರೇಷನ್ ಚಿಪ್ ಇರುತ್ತದೆ, ಹೆಸರು ನೋಡಿ ನಂಬಬೇಡಿ. ಇನ್ನೊಂದು, ಟಿ480 ಸೇರಿದಂತೆ ಆ ಕಾಲದ ಹಲವು ಥಿಂಕ್‌ಪ್ಯಾಡ್‌ಗಳಲ್ಲಿ ಥಂಡರ್‌ಬೋಲ್ಟ್ ಚಿಪ್‌ನ ಒಳತಂತ್ರಾಂಶದ (ಫರ್ಮ್‌ವೇರ್) ದೋಷದಿಂದ ಯುಎಸ್‌ಬಿ-ಸಿ ಪೋರ್ಟ್ ಕೆಟ್ಟುಹೋಗುತ್ತಿತ್ತು. ಲೆನೊವೊ ಅದಕ್ಕೆ ಅಪ್‌ಡೇಟ್ ಬಿಟ್ಟಿದೆ. ಅಂಗಡಿಯಲ್ಲೇ ಚಾರ್ಜರ್ ಸಿಕ್ಕಿಸಿ ಪೋರ್ಟ್ ನೋಡಿಕೊಳ್ಳಿ, ಮನೆಗೆ ತಂದ ದಿನವೇ ಆ ಅಪ್‌ಡೇಟ್ ಹಾಕಿ.

ನಾಲ್ಕರಲ್ಲಿ ಯಾವುದು ಎಂಬ ಕೊನೆಯ ತೀರ್ಮಾನಕ್ಕೆ ನನ್ನದೊಂದು ಸರಳ ಲೆಕ್ಕ ಇದೆ: ಫೋನ್‌ನಲ್ಲಿ ಸಹಾಯ ಮಾಡುವವರು ಯಾರೋ ಅವರಿಗೆ ಯಾವ ಕಂಪನಿಯದು ಪರಿಚಯವೋ ಅದನ್ನೇ ಕೊಳ್ಳಿ. "ಬಲಗಡೆ ಮೇಲೆ ಒಂದು ಗುಂಡಿ ಇದೆ ನೋಡಮ್ಮ" ಎಂದು ನೋಡದೆಯೇ ಹೇಳಲು ಬಂದರೆ ಅರ್ಧ ಜಗಳ ತಪ್ಪುತ್ತದೆ.

ಪರದೆ 14 ಇಂಚೋ 15.6 ಇಂಚೋ?

ಮೇಜಿನ ಮೇಲೆಯೇ ಇರುವುದಾದರೆ 15.6. ಸೋಫಾದಿಂದ ಊಟದ ಮೇಜಿಗೆ, ಅಲ್ಲಿಂದ ಮಗಳ ಮನೆಗೆ ಓಡಾಡುವುದಾದರೆ 14. ಇಂಚಿಗಿಂತ ಮುಖ್ಯ ಅದರ ಗುಣ. ಒಂದೇ ಮಾಡೆಲ್‌ನ ಪರದೆ 1366×768 ಚುಕ್ಕೆಗಳಲ್ಲೂ ಬಂದಿದೆ, 1920×1080ರಲ್ಲೂ ಬಂದಿದೆ. ಎರಡನೆಯದು, ಓರೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪ್ಯಾನೆಲ್, ಹೊಳಪಿಲ್ಲದ ಮ್ಯಾಟ್ ಪರದೆ, ಇಷ್ಟು ಇರಲಿ. ಕಿಟಕಿಯ ಬೆಳಕಿಗೆ ಪಳಪಳ ಪ್ರತಿಫಲಿಸುವ ಪರದೆ ಪೊರೆ ಬಂದ ಕಣ್ಣಿಗೆ ಹಿಂಸೆ.

ರ್ಯಾಮ್, ಡಿಸ್ಕ್?

ರ್ಯಾಮ್ 8 ಜಿಬಿ, ಡಿಸ್ಕ್ 256 ಜಿಬಿಯ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್. ರ್ಯಾಮ್ 16 ಇದ್ದರೆ ಸಂತೋಷ. ತಿರುಗುವ ಹಾರ್ಡ್ ಡಿಸ್ಕ್ ಇರುವುದು ಪುಕ್ಕಟೆ ಕೊಟ್ಟರೂ ಬೇಡ.

ಎಲ್ಲಿ ಕೊಳ್ಳುವುದು?

ಬೆಂಗಳೂರಿನವರಿಗೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್ ಗೊತ್ತೇ ಇದೆ. ಆಯ್ಕೆ ಅಲ್ಲಿ ಹೇರಳ, ಬೆಲೆ ಇಳಿಯುತ್ತದೆ, ಆದರೆ ನೋಡಿ ಆರಿಸುವ ಕಣ್ಣು ನಿಮ್ಮದೇ ಇರಬೇಕು. ಭಾನುವಾರ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆಯ ನೂಕುನುಗ್ಗಲಿನಲ್ಲಿ ಯಾರೂ ನಿಮಗೆ ಅರ್ಧ ಗಂಟೆ ಕೊಡುವುದಿಲ್ಲ. ವಾರದ ನಡುವೆ ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ.

ಹಾಸನ, ಶಿವಮೊಗ್ಗ, ಧಾರವಾಡದಂಥ ಊರಲ್ಲಿ ಅಪ್ಪ-ಅಮ್ಮ ಇದ್ದರೆ ನಾನು ಹೇಳುವುದು ಬೇರೆ. ಅವರ ಮನೆಗೆ ಹತ್ತಿರದ, ವರ್ಷಗಳಿಂದ ಇರುವ ಸರ್ವಿಸ್ ಅಂಗಡಿಯಿಂದ ಎರಡು ಸಾವಿರ ಜಾಸ್ತಿ ಕೊಟ್ಟಾದರೂ ಕೊಳ್ಳಿ. ಕೆಟ್ಟಾಗ ಅಪ್ಪ ಆಟೋದಲ್ಲಿ ಹೋಗಿ ಕೊಟ್ಟುಬರುವ ಹಾಗಿರಬೇಕು.

ಆನ್‌ಲೈನ್‌ನಲ್ಲಿ ರಿಫರ್ಬಿಷ್ಡ್ ಮಾರುವ ದೊಡ್ಡ ಮಾರಾಟಗಾರರಿದ್ದಾರೆ. ವಾಪಸ್ ಪಡೆಯುವ ಅವಧಿ ಎಷ್ಟು ದಿನ, ಸಾಗಣೆ ಖರ್ಚು ಯಾರದು ಎಂದು ಮೊದಲೇ ಓದಿ. ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ಮುಖಾಮುಖಿ ಭೇಟಿ, ಕೈಗೆ ವಸ್ತು, ಆಮೇಲೆ ಹಣ. "ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ, ಅಡ್ವಾನ್ಸ್ ಹಾಕಿ, ಕೊರಿಯರ್ ಮಾಡುತ್ತೇನೆ" ಎಂಬ ಕಥೆ ಬಂದ ಕ್ಷಣ ಫೋನ್ ಇಟ್ಟುಬಿಡಿ.

ಎಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ಬೇಕು, ಬಿಲ್ ಮೇಲೆ ಸೀರಿಯಲ್ ನಂಬರ್ ಇರಬೇಕು, ವಾರಂಟಿ ಎಷ್ಟು ತಿಂಗಳು, ಅದರಲ್ಲಿ ಬ್ಯಾಟರಿ, ಚಾರ್ಜರ್, ಪರದೆ ಬರುತ್ತವೋ ಇಲ್ಲವೋ ಎಂದು ಕೈಬರಹದಲ್ಲಾದರೂ ಬರೆಸಿಕೊಳ್ಳಿ. ಬಿಲ್ ಇಲ್ಲದ ಅಗ್ಗದ ಮಾಲು ಕಳವಿನದೂ ಆಗಿರಬಹುದು.

ಅಂಗಡಿಯಲ್ಲಿ ಏನೇನು ನೋಡಬೇಕು?

ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀ ಒತ್ತಿ. ಪ್ರತಿಯೊಂದು ಎಂದರೆ ಪ್ರತಿಯೊಂದು, ಬಾಣದ ಗುರುತು, ಡಿಲೀಟ್ ಎಲ್ಲ. ಒಂದು ಕೀ ಜೋರಾಗಿ ಒತ್ತಿದರಷ್ಟೇ ಬೀಳುತ್ತದೆ ಎಂದರೆ ನೀವು ಹೊಂದಿಕೊಳ್ಳುತ್ತೀರಿ, ಎಪ್ಪತ್ತೈದರ ಬೆರಳು ಹೊಂದಿಕೊಳ್ಳುವುದಿಲ್ಲ. ಅಕ್ಷರಗಳು ಸವೆದಿದ್ದರೆ ಬಿಡಿ, ಬೇರೆ ಪೀಸ್ ತೋರಿಸಿ ಎನ್ನಿ. ವಿದೇಶದಿಂದ ಬಂದ ಮಾಲಿನಲ್ಲಿ ಕೀಗಳ ಜೋಡಣೆ ಬೇರೆ ಇರುತ್ತದೆ. ಅದರ ಮೇಲೆ ಸ್ಟಿಕ್ಕರ್ ಹಚ್ಚಿ ಕೊಡುತ್ತಾರೆ, ಬೇಸಿಗೆಯಲ್ಲಿ ಅದು ಜಾರುತ್ತದೆ.

ಬಿಳಿ ಪುಟ ತೆರೆದು ಪರದೆ ತುಂಬ ಹರಡಿ. ಮಸುಕು ಕಲೆ, ಗೆರೆ, ಒಂದು ಮೂಲೆಯಲ್ಲಿ ಹೆಚ್ಚು ಬೆಳಕು, ಎಲ್ಲ ಆಗ ಕಾಣುತ್ತದೆ. ಮುಚ್ಚಳವನ್ನು ನಾಲ್ಕು ಸಲ ತೆರೆದು ಮುಚ್ಚಿ, ಕಟಕಟ ಶಬ್ದ ಬಂದರೆ ಹಿಂಜ್ ಸೋತಿದೆ. ಮುಚ್ಚಿ ಮೇಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ನೋಡಿ. ಕೆಳಭಾಗ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿದೆ ಎಂದರ್ಥ. ಅದನ್ನು ಚೌಕಾಸಿಗೂ ಮುಟ್ಟಬೇಡಿ.

ಕ್ಯಾಮೆರಾ ಇದೆಯೇ ನೋಡಿ. ತಮಾಷೆಯಲ್ಲ. ಭದ್ರತೆಯ ಕಾರಣಕ್ಕೆ ಕೆಲವು ಕಂಪನಿಗಳು ಕ್ಯಾಮೆರಾ ಇಲ್ಲದ ಲ್ಯಾಪ್‌ಟಾಪ್‌ಗಳನ್ನೇ ಮಾಡಿಸಿಕೊಂಡಿರುತ್ತವೆ, ಅವೂ ಇದೇ ರಾಶಿಯಲ್ಲಿ ಬರುತ್ತವೆ. ಇದ್ದರೆ ತೆರೆದು, ಒಂದು ನಿಮಿಷ ವಿಡಿಯೊ ರೆಕಾರ್ಡ್ ಮಾಡಿ ನಿಮ್ಮ ದನಿ ಕೇಳಿ, ಮೈಕ್ ಮತ್ತು ಸ್ಪೀಕರ್ ಎರಡರ ಪರೀಕ್ಷೆಯೂ ಆಯಿತು. ಫೋನ್‌ನ ಹಾಟ್‌ಸ್ಪಾಟ್‌ಗೆ ವೈಫೈ ಜೋಡಿಸಿ. ಪ್ರತಿ ಯುಎಸ್‌ಬಿ ಕಿಂಡಿಗೂ ಪೆನ್‌ಡ್ರೈವ್ ಹಾಕಿ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಉಚಿತ ತಂತ್ರಾಂಶವನ್ನು ಅದೇ ಪೆನ್‌ಡ್ರೈವ್‌ನಲ್ಲಿ ಒಯ್ದರೆ ಎಸ್‌ಎಸ್‌ಡಿಯ ಆರೋಗ್ಯ ಶೇಕಡಾವಾರು ಕಾಣುತ್ತದೆ.

ಕೊನೆಗೆ ಬಯೋಸ್, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್. ಆನ್ ಮಾಡುವಾಗ ಡೆಲ್‌ನಲ್ಲಿ ಎಫ್2, ಲೆನೊವೊದಲ್ಲಿ ಎಫ್1, ಎಚ್‌ಪಿಯಲ್ಲಿ ಎಫ್10 ಒತ್ತಿ. ಪಾಸ್‌ವರ್ಡ್ ಕೇಳಿದರೆ ಬೇಡ. ಒಳಗೆ ಕಾಣುವ ಸೀರಿಯಲ್ ನಂಬರ್, ತಳದಲ್ಲಿ ಅಂಟಿಸಿದ ನಂಬರ್ ಎರಡೂ ಒಂದೇ ಇರಬೇಕು. ಬೇರೆ ಇದ್ದರೆ ಮದರ್‌ಬೋರ್ಡ್ ಅಥವಾ ತಳಭಾಗ ಬೇರೆ ಯಂತ್ರದ್ದು. ಡೆಲ್‌ನ ಏಳು ಅಕ್ಷರದ ಸರ್ವಿಸ್ ಟ್ಯಾಗನ್ನು ಅವರ ಸಪೋರ್ಟ್ ಪುಟದಲ್ಲಿ ಹಾಕಿದರೆ ಅದು ಮೂಲತಃ ಯಾವ ಮಾಡೆಲ್, ವಾರಂಟಿ ಯಾವಾಗ ಮುಗಿಯಿತು ಎಲ್ಲ ಬರುತ್ತದೆ.

ಚಾರ್ಜರ್ ಮರೆಯಬೇಡಿ. ಡೆಲ್ ಲ್ಯಾಪ್‌ಟಾಪ್‌ಗೆ ನಕಲಿ ಚಾರ್ಜರ್ ಹಾಕಿದರೆ ಅಡಾಪ್ಟರ್ ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ, ವೇಗವೂ ಕುಸಿಯುತ್ತದೆ.

ಬ್ಯಾಟರಿ ಹೇಗಿದೆ ಎಂದು ತಿಳಿಯುವುದು ಹೇಗೆ?

ಸರ್ಚ್‌ನಲ್ಲಿ ಸಿ-ಎಮ್-ಡಿ ಎಂದು ಹೊಡೆದು ಕಪ್ಪು ಕಿಟಕಿ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕೆ ಅಂಟಿದಂತೆ ಬ್ಯಾಟರಿರಿಪೋರ್ಟ್ ಎಂದು (powercfg /batteryreport) ಬರೆದು ಎಂಟರ್ ಒತ್ತಿ. ಒಂದು ಕಡತ ಸಿದ್ಧವಾಗುತ್ತದೆ, ಅದು ಎಲ್ಲಿದೆ ಎಂಬುದನ್ನೂ ಅಲ್ಲೇ ಹೇಳುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಅಂಕಿ ನೋಡಿ. ಮೊದಲನೆಯದು 48,000, ಎರಡನೆಯದು 31,000 ಎಂದಿದ್ದರೆ ಮೂರರಲ್ಲಿ ಎರಡು ಭಾಗ ಉಳಿದಿದೆ. ಅಷ್ಟಿದ್ದರೆ ಹಿರಿಯರಿಗೆ ಸಾಕು, ಅವರು ಹೆಚ್ಚಾಗಿ ಪ್ಲಗ್‌ಗೆ ಹಾಕಿಯೇ ಬಳಸುತ್ತಾರೆ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಇಳಿಸಿಕೊಳ್ಳಿ.

ಸದಾ ಪ್ಲಗ್‌ನಲ್ಲೇ ಇರುವ ಯಂತ್ರಕ್ಕೆ ಶೇ 80ಕ್ಕೆ ಚಾರ್ಜ್ ನಿಲ್ಲುವಂತೆ ಮಾಡಿ. ಲೆನೊವೊ ವಾಂಟೇಜ್‌ನಲ್ಲೂ ಡೆಲ್ ಪವರ್ ಮ್ಯಾನೇಜರ್‌ನಲ್ಲೂ ಆ ಸೌಲಭ್ಯ ಇದೆ. "80ಕ್ಕೇ ನಿಂತುಬಿಡ್ತು, ಚಾರ್ಜರ್ ಹೋಗಿದೆ" ಎಂದು ಫೋನ್ ಬರಬಾರದು ಎಂದಿದ್ದರೆ ಮೊದಲೇ ಹೇಳಿಡಿ.

ಆನ್ ಮಾಡಿದರೆ ಯಾವುದೋ ಕಂಪನಿಯ ಹೆಸರು ಬಂದು ಲಾಗಿನ್ ಕೇಳುತ್ತಿದೆ. ಅಂಗಡಿಯವರು ಸರಿಮಾಡಿ ಕೊಡುತ್ತೇವೆ ಅನ್ನುತ್ತಾರೆ.

ವಾಪಸ್ ಕೊಡಿ. ಆ ಯಂತ್ರ ಇನ್ನೂ ಹಳೆಯ ಕಂಪನಿಯ ನಿರ್ವಹಣಾ ಪಟ್ಟಿಯಲ್ಲಿದೆ. ಇವತ್ತು ಇಂಟರ್‌ನೆಟ್ ಕಿತ್ತು ದಾಟಿಸಿದರೂ ಮುಂದೊಮ್ಮೆ ವಿಂಡೋಸ್ ಹೊಸದಾಗಿ ಹಾಕಿದಾಗ ಮತ್ತೆ ಅದೇ ಪರದೆ. ಪಟ್ಟಿಯಿಂದ ತೆಗೆಯಬೇಕಾದ್ದು ಆ ಕಂಪನಿಯೇ. ಕೊಳ್ಳುವ ಮೊದಲೇ ಇದನ್ನು ಕಂಡುಹಿಡಿಯಬೇಕಾದರೆ, ರಿಸೆಟ್ ಮಾಡಿ ವೈಫೈ ಜೋಡಿಸಿ ಮೊದಲಿನಿಂದ ಸೆಟಪ್ ತೋರಿಸಿ ಎಂದು ಕೇಳಿ. ಒಳ್ಳೆಯ ಅಂಗಡಿಯವರು ಇದಕ್ಕೆ ಮುಖ ಸಿಂಡರಿಸುವುದಿಲ್ಲ.

ಒಳಗಿರುವ ವಿಂಡೋಸ್, ಆಫೀಸ್ ಅಸಲಿಯೇ?

ಕಂಪನಿಗಳಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಪ್ರೊ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ ಹೊಸದಾಗಿ ಹಾಕಿದರೆ ತಾನಾಗಿಯೇ ಆಕ್ಟಿವೇಟ್ ಆಗುತ್ತದೆ. ಅಂಗಡಿಯಲ್ಲಿ ಹಾಕಿಕೊಟ್ಟದ್ದು ಹೇಗೇ ಇರಲಿ, ನಾನು ಮನೆಗೆ ಬಂದ ಕೂಡಲೇ ಅಳಿಸಿ ಹೊಸದು ಹಾಕುತ್ತೇನೆ. ಆಫೀಸ್ ಮಾತ್ರ ಬಹುತೇಕ ಕಳ್ಳಪ್ರತಿ. ಅದನ್ನು ಆಕ್ಟಿವೇಟ್ ಮಾಡಲು ಬಳಸುವ ಸಾಧನಗಳ ಜತೆ ವೈರಸ್ ಬರುವುದು ಮಾಮೂಲು, ನೆಟ್‌ಬ್ಯಾಂಕಿಂಗ್ ಮಾಡುವ ಯಂತ್ರದಲ್ಲಿ ಅದು ಇರಕೂಡದು. ಉಚಿತವಾದ ಲಿಬ್ರೆಆಫೀಸ್ ಹಾಕಿ, ಕನ್ನಡವೂ ಚೆನ್ನಾಗಿ ಕೂರುತ್ತದೆ.

ಆಪಲ್, ಕ್ರೋಮ್‌ಬುಕ್?

ಮನೆಮಂದಿಯೆಲ್ಲ ಆಪಲ್ ಬಳಸುವವರಾದರೆ 2020ರ ಎಮ್1 ಮ್ಯಾಕ್‌ಬುಕ್ ಏರ್ ನೋಡಿ. ಅಗ್ಗಕ್ಕೆ ಸಿಗುತ್ತದೆಂದು 2017ರ ಏರ್ ಬೇಡ, ಅದು ಮಾಂಟೆರಿ ಎಂಬ ಹಳೆಯ ಮ್ಯಾಕ್ಓಎಸ್ ಆವೃತ್ತಿಯಲ್ಲೇ ನಿಂತಿದೆ. ಹಳೆಯ ಮಾಲೀಕರು ತಮ್ಮ ಐಕ್ಲೌಡ್‌ನಿಂದ ಹೊರಬಂದದ್ದನ್ನು ಎದುರೇ ನೋಡಿ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ಓಎಸ್ ಇರುವ ಕ್ರೋಮ್‌ಬುಕ್ ಸರಳ, ವೈರಸ್ ಕಾಟ ಕಡಿಮೆ, ಆದರೆ ಪ್ರತಿ ಮಾಡೆಲ್‌ಗೂ ಅಪ್‌ಡೇಟ್ ಮುಗಿಯುವ ದಿನಾಂಕ ಇದೆ. ಗೂಗಲ್‌ನ ಪಟ್ಟಿಯಲ್ಲಿ ಅದನ್ನು ನೋಡದೆ ಕೊಳ್ಳಬೇಡಿ.

ಕನ್ನಡ ಟೈಪ್ ಮಾಡಲು?

ಅವರು ಏನು ಕಲಿತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರಿಗೆ ನುಡಿ ಎಂಬ ಕನ್ನಡ ತಂತ್ರಾಂಶ ಕೈಗೆ ಕೂತಿರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಆ ಕೀಲಿಮಣೆ ಬಿಟ್ಟು ಬೇರೆ ಕಲಿಸಲು ಹೋಗಬೇಡಿ, ನುಡಿಯನ್ನೇ ಹಾಕಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಬರೆಯುವಂತೆ ಹೊಂದಿಸಿ. ಇಲ್ಲದಿದ್ದರೆ ಅವರು ಬರೆದದ್ದನ್ನು ವಾಟ್ಸಾಪ್‌ಗೆ ಅಂಟಿಸಿದಾಗ ಇಂಗ್ಲಿಷ್ ಚಿಹ್ನೆಗಳ ಕಿಚಡಿ ಬರುತ್ತದೆ. ಅವರ ಹಳೆಯ ಸಿ.ಡಿ.ಯಲ್ಲಿ ಕಡತಗಳಿದ್ದರೆ ಪರಿವರ್ತಕದಲ್ಲಿ ಯುನಿಕೋಡ್‌ಗೆ ಬದಲಾಯಿಸಿಕೊಡಿ.

ಫೋನ್‌ನಲ್ಲಿ ಇಂಗ್ಲಿಷ್ ಅಕ್ಷರದಿಂದ ಕನ್ನಡ ಹೊಡೆದು ರೂಢಿಯಾದವರಿಗೆ ವಿಂಡೋಸ್‌ನಲ್ಲೇ ಇರುವ ಕನ್ನಡ ಫೋನೆಟಿಕ್ ಕೀಬೋರ್ಡ್ ಸಾಕು. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ ಅದನ್ನು ಆರಿಸಿಕೊಳ್ಳಿ. ಟೈಪಿಂಗೇ ಬೇಡ ಎನ್ನುವವರಿಗೆ ಗೂಗಲ್ ಡಾಕ್ಸ್‌ನಲ್ಲಿ ಮಾತಾಡಿ ಬರೆಸುವ ಸೌಲಭ್ಯ ಕನ್ನಡಕ್ಕೂ ಇದೆ.

ಓದುವುದು ಕಷ್ಟವಾದವರಿಗೆ ಎಡ್ಜ್ ಬ್ರೌಸರ್ ಒಂದು ವರ. ಕನ್ನಡ ಪತ್ರಿಕೆಯ ಪುಟ ತೆರೆದು ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿದರೆ ಗಟ್ಟಿಯಾಗಿ ಓದುತ್ತದೆ. ಸಪ್ನಾ, ಗಗನ್ ಎಂಬ ಎರಡು ಕನ್ನಡ ದನಿಗಳಿವೆ. ವೇಗ ಕಡಿಮೆ ಮಾಡಿಕೊಡಿ.

ಕಣ್ಣು ಮಂಜು, ಕೈ ನಡುಗುತ್ತದೆ. ಏನೇನು ಹೊಂದಿಸಬೇಕು?

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಕನ್ನಡಕ ಹಾಕಿಸಿ, ಅವರು ಕೂರುವ ಜಾಗದಲ್ಲೇ ಮಾಡಿ. ಡಿಸ್‌ಪ್ಲೇ ಸ್ಕೇಲ್ ಶೇ 125 ಅಥವಾ 150, ಅಕ್ಷರ ಗಾತ್ರ ಬೇರೆಯಾಗಿ ಶೇ 225ರವರೆಗೂ ಏರುತ್ತದೆ. ಮೌಸ್ ಬಾಣವನ್ನು ದೊಡ್ಡದು ಮಾಡಿ ಹಳದಿಯೋ ಹಸಿರೋ ಬಣ್ಣ ಕೊಡಿ. ಟಚ್‌ಪ್ಯಾಡ್ ಆಫ್ ಮಾಡಿ, ಟೈಪ್ ಮಾಡುವಾಗ ಅಂಗೈ ತಾಗಿ ಬರಹ ಎಲ್ಲೆಲ್ಲೋ ಹಾರುತ್ತದೆ. ತಂತಿ ಇರುವ ಸಾಧಾರಣ ಮೌಸ್ ಕೊಡಿ. ತಂತಿ ಇಲ್ಲದ್ದು ಬ್ಯಾಟರಿ ಮುಗಿದ ದಿನ "ಕಂಪ್ಯೂಟರ್ ಸತ್ತಿದೆ".

ಡಬಲ್ ಕ್ಲಿಕ್ ಹಿರಿಯರಿಗೆ ನಿಜವಾದ ಕಂಟಕ. ನಡುಗುವ ಕೈಯಲ್ಲಿ ಮೊದಲ ಕ್ಲಿಕ್ಕಿಗೂ ಎರಡನೆಯದಕ್ಕೂ ನಡುವೆ ಮೌಸ್ ಅರ್ಧ ಇಂಚು ಸರಿಯುತ್ತದೆ. ಫೋಲ್ಡರ್ ತೆರೆಯುವ ಬದಲು ಪಕ್ಕದ ಫೋಲ್ಡರ್ ಒಳಗೆ ಬೀಳುತ್ತದೆ. "ಫೋಟೊ ಎಲ್ಲಾ ಮಾಯ ಆಯ್ತು" ಎಂಬ ಫೋನಿನ ಹಿಂದೆ ಬಹಳ ಸಲ ಇರುವುದು ಇಷ್ಟೇ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಮಾಡಿ.

ಬೆರಳಚ್ಚಿನ ಲಾಗಿನ್ ಹಾಕುವ ಆಸೆ ಬೇಡ, ವಯಸ್ಸಾದ ಬೆರಳಿನ ಗೆರೆ ಒಣಗಿ ಸವೆದಿರುತ್ತದೆ, ನಾಲ್ಕಕ್ಕೆ ಮೂರು ಸಲ ತಿರಸ್ಕಾರ. ಪಿನ್ ಸಾಕು. ಈ ಜಾತಿಯ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಸಾಧಾರಣ, ಕೇಳಿಸದವರಿಗೆ ಚಿಕ್ಕ ಯುಎಸ್‌ಬಿ ಸ್ಪೀಕರ್ ಜೋಡಿಸಿ.

ಇನ್ನೊಂದು ಸಣ್ಣ ವಿಷಯ. ಥಿಂಕ್‌ಪ್ಯಾಡ್‌ಗಳಲ್ಲಿ ಕ್ಯಾಮೆರಾ ಮುಚ್ಚುವ ಪುಟ್ಟ ಬಾಗಿಲೊಂದಿದೆ, ಮುಚ್ಚಿದಾಗ ಕೆಂಪು ಚುಕ್ಕೆ ಕಾಣುತ್ತದೆ. ನಮ್ಮ ಸೋದರತ್ತೆ ಮುಚ್ಚಳ ಎತ್ತುವಾಗ ಹೆಬ್ಬೆರಳು ಸರಿಯಾಗಿ ಅಲ್ಲಿಗೇ ತಾಗಿ ಅದು ಮುಚ್ಚಿಕೊಳ್ಳುತ್ತಿತ್ತು. "ಕ್ಯಾಮೆರಾ ಮತ್ತೆ ಹೋಯ್ತು ಕಣೋ" ಎಂದು ವಾರಕ್ಕೊಮ್ಮೆ ದೂರು. ಮುಚ್ಚಳವನ್ನು ಮೂಲೆಯಲ್ಲಿ ಹಿಡಿದು ಎತ್ತುವುದು ರೂಢಿಯಾದಮೇಲೆ ನಿಂತಿತು.

ಮೋಸ ಹೋಗದಂತೆ ಏನು ಮಾಡುವುದು?

ಎರಡು ಅಕೌಂಟ್ ಮಾಡಿ: ಅಡ್ಮಿನ್ ನಿಮ್ಮದು, ಸ್ಟ್ಯಾಂಡರ್ಡ್ ಅವರದು. ಹೊಸ ತಂತ್ರಾಂಶ ಹಾಕಲು ಪಾಸ್‌ವರ್ಡ್ ಬೇಕಾಗುತ್ತದೆ, ಅದು ನಿಮ್ಮ ಹತ್ತಿರ. ಬ್ರೌಸರ್‌ನಲ್ಲಿ ಎಲ್ಲ ತಾಣಗಳ ನೋಟಿಫಿಕೇಷನ್ ನಿಷೇಧಿಸಿ. ಪಂಚಾಂಗ ನೋಡಲು ಹೋಗಿ "ಅಲೋ" ಒತ್ತಿದ ದಿನದಿಂದ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್" ಎಂಬ ಸುಳ್ಳು ಎಚ್ಚರಿಕೆ ಶುರುವಾಗುವುದು ಅಲ್ಲಿಂದಲೇ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಒಂದನ್ನು ಹಾಕಿ.

ಪರದೆ ತುಂಬ ಎಚ್ಚರಿಕೆ ಬಂದು, ಸೈರನ್ ಕೂಗಿ, ಈ ನಂಬರಿಗೆ ಫೋನ್ ಮಾಡಿ ಎಂದರೆ? ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಲು ಕಲಿಸಿ. ಅಷ್ಟೇ ಸಾಕು, ಏನೂ ಹಾಳಾಗುವುದಿಲ್ಲ. ದೂರದಿಂದ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಎನ್ನುವ ಅಪರಿಚಿತರು, "ಡಿಜಿಟಲ್ ಅರೆಸ್ಟ್" ಎಂದು ವಿಡಿಯೊ ಕಾಲ್‌ನಲ್ಲಿ ಹೆದರಿಸುವ ಪೊಲೀಸ್ ವೇಷದವರು ಎಲ್ಲರೂ ಕಳ್ಳರೇ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈ ನಂಬರನ್ನು, ನಿಮ್ಮ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಕೀಬೋರ್ಡ್ ಕೆಳಗಿನ ಖಾಲಿ ಜಾಗದಲ್ಲಿ ಅಂಟಿಸಿ.

ನಾನು ದೂರದಲ್ಲಿದ್ದೇನೆ. ಅಲ್ಲಿಂದಲೇ ಅವರ ಪರದೆ ನೋಡಬಹುದೇ?

ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಬಳಸಿ. ಕಂಟ್ರೋಲ್, ವಿಂಡೋಸ್, ಕ್ಯೂ ಒತ್ತಿದರೆ ತೆರೆಯುತ್ತದೆ. ನಿಮಗೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು, ಅವರಿಗೆ ಬೇಡ. ನೀವು ಹೇಳಿದ ಕೋಡ್ ಅವರು ಹಾಕಿ ಒಪ್ಪಿಗೆ ಕೊಡುತ್ತಾರೆ. ಅಡ್ಮಿನ್ ಪಾಸ್‌ವರ್ಡ್ ಕೇಳುವ ಪರದೆ ಮಾತ್ರ ನಿಮಗೆ ಕಪ್ಪಾಗಿ ಕಾಣುತ್ತದೆ, ಅಂಥ ಕೆಲಸಗಳನ್ನು ಹಬ್ಬಕ್ಕೆ ಊರಿಗೆ ಹೋದಾಗ ಮಾಡಿ. ಒಂದು ಮಾತು ಗಟ್ಟಿಯಾಗಿ ಹೇಳಿಡಿ: ಇದನ್ನು ತೆರೆಯಿರಿ ಎಂದು ಹೇಳುವ ಅಧಿಕಾರ ಮನೆಯ ಇಬ್ಬರಿಗೆ ಮಾತ್ರ, ಬ್ಯಾಂಕಿನವರು ಎಂದು ಯಾರೇ ಹೇಳಿದರೂ ಇಲ್ಲ.

ಅಮೆರಿಕದಲ್ಲಿರುವ ಮಗಳು ಅಲ್ಲಿಂದ ಹಳೆಯದು ತರುತ್ತಾಳಂತೆ.

ತರಲಿ. ಹದಿನೆಂಟು ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಜತೆಯಲ್ಲಿ ತರಬಹುದು. ಕ್ಯಾಬಿನ್ ಬ್ಯಾಗ್‌ನಲ್ಲಿರಲಿ. ಚಾರ್ಜರ್ ಮೇಲೆ 100-240 ವೋಲ್ಟ್ ಎಂದಿರುತ್ತದೆ, ಗೋಡೆಗೆ ಹೋಗುವ ತಂತಿ ಮಾತ್ರ ಇಲ್ಲಿನದು ಕೊಂಡರೆ ಆಯಿತು. ಬರುವ ಮುನ್ನ ಅವಳ ಆಫೀಸಿನದಲ್ಲ ತಾನೇ ಎಂದು ಖಚಿತ ಮಾಡಿಕೊಳ್ಳಿ.

ಒಟ್ಟು ಎಷ್ಟು ಖರ್ಚು?

8ನೇ ಜನರೇಷನ್ ಐ5, 8 ಜಿಬಿ, 256 ಎಸ್‌ಎಸ್‌ಡಿ ಇರುವುದಕ್ಕೆ ನಾನು ಕಂಡಂತೆ ಹದಿನೈದರಿಂದ ಇಪ್ಪತ್ತೆರಡು ಸಾವಿರ, 10-11ನೆಯದಕ್ಕೆ ಅದರ ಮೇಲೆ. ರ್ಯಾಮ್ ಬೆಲೆ 2025ರ ಕೊನೆಯಿಂದ ಏರಿರುವುದರಿಂದ 16 ಜಿಬಿಗೆ ಅಂಗಡಿಯವರು ಹೆಚ್ಚು ಕೇಳುತ್ತಾರೆ. ಮೌಸ್, ಸ್ಪೀಕರ್, ಬೇಕಾದರೆ ಬ್ಯಾಟರಿ ಎಂದು ಐದು ಸಾವಿರ ಬದಿಗಿಟ್ಟುಕೊಳ್ಳಿ.

ಮನೆಯಲ್ಲೇ ವಿಂಡೋಸ್ 10 ಇರುವ ಹಳೆಯದೊಂದಿದೆ. ಅದನ್ನೇ ಕೊಟ್ಟುಬಿಡಲೇ?

ಮನೆಬಳಕೆದಾರರಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಕೊಟ್ಟಿತು, ಅದೊಂದು ತಾತ್ಕಾಲಿಕ ಏರ್ಪಾಡು. ಬ್ಯಾಂಕಿಂಗ್ ಇಲ್ಲದೆ ಬರೀ ಬರವಣಿಗೆ, ಯೂಟ್ಯೂಬ್ ಆದರೆ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಿ ಕೊಡಬಹುದು. ಆದರೆ ಲಿನಕ್ಸ್ ಬಲ್ಲ ನೀವು ಅದೇ ಊರಲ್ಲಿರಬೇಕು. ಪಕ್ಕದ ಮನೆ ಹುಡುಗನಿಗೆ ಗೊತ್ತು ಎಂಬ ಭರವಸೆ ಸಾಲದು, ಅವನು ಮುಂದಿನ ಜೂನ್‌ನಲ್ಲಿ ಕಾಲೇಜಿಗೆ ಹೋಗುತ್ತಾನೆ.

ಕೊಡಿಸಿ ಆರು ತಿಂಗಳಾಯಿತು, ಅಮ್ಮ ಮುಟ್ಟುತ್ತಲೇ ಇಲ್ಲ.

ಎಲ್ಲಿಟ್ಟಿದ್ದೀರಿ? ಬ್ಯಾಗಿನೊಳಗೆ ಬೀರುವಿನಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ. ಬೆಳಕು ಪಕ್ಕದಿಂದ ಬೀಳುವ ಕಡೆ, ಪ್ಲಗ್ ಪಕ್ಕ, ಸದಾ ತೆರೆದಿರುವ ಜಾಗ ಮಾಡಿ, ಡೆಸ್ಕ್‌ಟಾಪ್ ಮೇಲೆ ಅವರಿಗೆ ಬೇಕಾದ ಮೂರು ನಾಲ್ಕು ಐಕಾನ್ ಬಿಟ್ಟು ಉಳಿದದ್ದು ತೆಗೆಯಿರಿ. ಅಷ್ಟಾದರೂ ಬೇಡವೆಂದರೆ ಬಲವಂತ ಬೇಡ. ಅದೇ ದುಡ್ಡಿಗೆ ಟ್ಯಾಬ್ಲೆಟ್ ತಂದುಕೊಡಿ, ಲ್ಯಾಪ್‌ಟಾಪ್ ಪಿಯುಸಿ ಓದುವ ಮೊಮ್ಮಗಳಿಗೆ ಹೋಗಲಿ. ಈ ಮಾಡೆಲ್‌ಗಳನ್ನು ಮಾರಿದರೂ ಒಳ್ಳೆಯ ಬೆಲೆ ಬರುತ್ತದೆ, ಬಿಲ್ ಇಟ್ಟುಕೊಂಡಿದ್ದರೆ.